ಭಾವವಿಲ್ಲದ ಭಾವಚಿತ್ರ

ಫೋಟೋ ಎಂಬ ಪರದೇಶದ ಮಾತಿಗೆ ಕನ್ನಡಿಗರು ಎರಡು ಹೆಸರುಗಳನ್ನು ಕೊಟ್ಟಿದ್ದಾರೆ. ಒಂದು ಛಾಯಾಚಿತ್ರ, ಇನ್ನೊಂದು ಭಾವಚಿತ್ರ. ಬೆಟ್ಟ, ಕೆರೆ, ಗುಡಿಗೋಪುರ, ಜಾತ್ರೆಯ ತೇರು ಇವುಗಳದೆಲ್ಲ ಛಾಯಾಚಿತ್ರ; ಮನುಷ್ಯನ ಮುಖದ್ದು ಮಾತ್ರ ಭಾವಚಿತ್ರ. ಈ ಎರಡನೆಯ ಹೆಸರನ್ನು ಇಟ್ಟ ಪುಣ್ಯಾತ್ಮರು ಯಾರೋ, ರಸಿಕರಾಗಿದ್ದಿರಬೇಕು. ಮುಖವೆಂಬುದು ಭಾವಗಳ ತವರುಮನೆ. ಅದನ್ನು ಚಿತ್ರಿಸುವುದೆಂದರೆ ಭಾವವನ್ನೇ ಚಿತ್ರಿಸುವುದು ಎಂದು ಅವರು ತಿಳಿದಿದ್ದರು. ವಾಹನ ಚಾಲನೆಯ ಲೈಸೆನ್ಸಿಗಾಗಿ ಇಂದು ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರ ಪಾಡನ್ನು ಕಂಡಿದ್ದರೆ ಅವರು ಆ ಹೆಸರನ್ನು ಹಿಂತೆಗೆದುಕೊಳ್ಳುತ್ತಿದ್ದರೋ ಏನೋ. ಏಕೆಂದರೆ ಈ ಭಾವಚಿತ್ರದಲ್ಲಿ ಇರಲೇಬಾರದ ವಸ್ತುವೊಂದಿದ್ದರೆ ಅದು ಭಾವವೇ. ನಗು ಬೇಡ, ಮುನಿಸು ಬೇಡ, ತಲೆ ಓರೆಯಾಗಬಾರದು, ಬಾಯಿ ಮುಚ್ಚಿರಬೇಕು, ಕಣ್ಣು ತೆರೆದಿರಬೇಕು. ಸ್ಥಿತಪ್ರಜ್ಞನ ಲಕ್ಷಣಗಳನ್ನು ಹದಿನೆಂಟು ವರ್ಷದವರಿಂದ ನಿರೀಕ್ಷಿಸುವ ಏಕೈಕ ಸಂದರ್ಭ ಇದೇ ಇರಬೇಕು.

ಕಾಯಿದೆಯಲ್ಲಿ ನಗಬಾರದೆಂದು ಎಲ್ಲಿ ಬರೆದಿದೆ ಎಂದು ಓದುಗರು ಕೇಳಬಹುದು. ೧೯೮೮ರ ಮೋಟಾರು ವಾಹನಗಳ ಕಾಯಿದೆ ೧೯೮೯ರ ಜುಲೈ ೧ರಿಂದ ಜಾರಿಗೆ ಬಂದಿತು. ಅದರ ಬೆನ್ನಿಗೇ ಬಂದ ಕೇಂದ್ರ ನಿಯಮಗಳು ಕೇಳಿದ್ದು ಅರ್ಜಿದಾರನ ಇತ್ತೀಚಿನ, ಪಾಸ್‌ಪೋರ್ಟ್ ಅಳತೆಯ ಪಟದ ಪ್ರತಿಗಳನ್ನು. ಪಾಸ್‌ಪೋರ್ಟಿನ ಅಳತೆ ಬಂದ ಮೇಲೆ ಪಾಸ್‌ಪೋರ್ಟಿನ ಗಾಂಭೀರ್ಯವೂ ಹಿಂದೆಯೇ ಬಂದಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪಾಸ್‌ಪೋರ್ಟಿನ ಪಟಕ್ಕೆ ನಿರ್ವಿಕಾರ ಮುಖವನ್ನು ವಿಧಿಸಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ನಕ್ಕಾಗ ಕೆನ್ನೆ ಮೇಲೇರುತ್ತದೆ, ಕಣ್ಣು ಕಿರಿದಾಗುತ್ತದೆ, ತುಟಿ ಅಗಲವಾಗುತ್ತದೆ. ಎರಡು ಮುಖಗಳನ್ನು ಹೋಲಿಸಿ ನೋಡಬೇಕಾದ ಯಂತ್ರಕ್ಕೆ ಅಳೆಯುವ ಗುರುತುಗಳು ತಮ್ಮ ಸ್ಥಾನ ಬಿಟ್ಟು ಸರಿದಂತಾಗುತ್ತದೆ. ನಗುವ ಮುಖಗಳು ನೂರು ಬಗೆ. ಸುಮ್ಮನಿರುವ ಮುಖ ಒಂದೇ ಬಗೆ. ಯಂತ್ರಕ್ಕೆ ಬೇಕಾದುದು ಆ ಒಂದು ಬಗೆ.

ಹಿಂದೆ ಪಟವನ್ನು ಅಂಟು ಹಚ್ಚಿ ಕಾಗದದ ಮೇಲೆ ಮೆತ್ತಿ, ಅರ್ಧ ಪಟದ ಮೇಲೆ, ಅರ್ಧ ಕಾಗದದ ಮೇಲೆ ಬೀಳುವಂತೆ ಮುದ್ರೆ ಒತ್ತುತ್ತಿದ್ದರು. ಒತ್ತುವವರ ಕೈ ಜೋರಾಗಿದ್ದರೆ ಅರ್ಜಿದಾರನ ಒಂದು ಕಣ್ಣು ಸರಕಾರದ ಪಾಲಾಗುತ್ತಿತ್ತು. ಈಗ ಆ ಅಪಾಯವಿಲ್ಲ. ಅರ್ಜಿ ಹೋಗುವುದು ಕಂಪ್ಯೂಟರಿನ ಮೂಲಕ. ಅದನ್ನು ಸ್ವೀಕರಿಸುವ ಕೇಂದ್ರ ಸರಕಾರದ ಜಾಲತಾಣದ ಹೆಸರು ‘ಸಾರಥಿ’. ಹೆಸರು ಚೆನ್ನಾಗಿದೆ. ಆದರೆ ಮಹಾಭಾರತವನ್ನು ಪಾಠ ಹೇಳುವ ನನ್ನಂಥವನಿಗೆ ವಿರಾಟನ ಅರಮನೆ ನೆನಪಾಗದೆ ಇರದು. ಉತ್ತರಕುಮಾರನ ಸಾರಥಿಯಾಗಿ ರಥವೇರಿದವಳು ಬೃಹನ್ನಳೆ. ಬನ್ನಿಯ ಮರದ ಬಳಿ ರಥದಿಂದಿಳಿದದ್ದು ಅರ್ಜುನ. ಅಲ್ಲಿಂದ ಮುಂದೆ ಸಾರಥಿ ಉತ್ತರಕುಮಾರನೇ. ಇವರ ಪೈಕಿ ಯಾರ ಪಟವನ್ನು ಲಗತ್ತಿಸುವುದು? ಯಾವ ಅಧಿಕಾರಿಯೂ ಆ ಅರ್ಜಿಯನ್ನು ಮುಂದಕ್ಕೆ ಕಳಿಸುತ್ತಿರಲಿಲ್ಲ.

ಗುರುತಿನ ಪಟ ನಮ್ಮ ಕಥೆಗಳಿಗೆ ಹೊಸತಲ್ಲ. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಕಂಡ ತರುಣನಿಗಾಗಿ ಹಂಬಲಿಸಿದಾಗ, ಗೆಳತಿ ಚಿತ್ರಲೇಖೆ ಮೂರು ಲೋಕದ ವೀರರ ಮುಖಗಳನ್ನೂ ಒಂದೊಂದಾಗಿ ಬರೆದು ತೋರಿಸುತ್ತ ಹೋದಳು. ಅನಿರುದ್ಧನ ಪಟ ಬಂದೊಡನೆ ಉಷೆ ನಾಚಿ ತಲೆತಗ್ಗಿಸಿದಳು. ಮುಖದ ಕಡತವನ್ನು ಮಗುಚಿ ಆಸಾಮಿಯನ್ನು ಪತ್ತೆಮಾಡುವ ವಿದ್ಯೆಗೆ ಇದಕ್ಕಿಂತ ಹಳೆಯ ಉದಾಹರಣೆ ನನಗೆ ತಿಳಿದಂತೆ ಇಲ್ಲ. ಇನ್ನು ಶಾಕುಂತಲದ ಕಥೆಯಂತೂ ಇದೇ ಕಷ್ಟದ ಮೇಲೆ ನಿಂತಿದೆ. ಕಟ್ಟಿಕೊಂಡ ಹೆಂಡತಿ ಕಣ್ಣ ಮುಂದೆ ನಿಂತಿದ್ದಾಳೆ. ರಾಜನಿಗೆ ಮುಖ ಸಾಲದು, ಉಂಗುರ ಬೇಕು. ಉಂಗುರವೋ, ಮೀನಿನ ಹೊಟ್ಟೆ ಸೇರಿದೆ. ಉಂಗುರ ಸಿಕ್ಕಿದ ಮೇಲೆ ಅದೇ ರಾಜ ಕುಳಿತು ಅವಳ ಚಿತ್ರವನ್ನು ಬರೆಯುತ್ತಾನೆ. ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದ ಈ ನಾಟಕವನ್ನು ತರಗತಿಯಲ್ಲಿ ಹೇಳುವಾಗ, ಕಚೇರಿಗಳ ಮೆಟ್ಟಲು ಹತ್ತಿಳಿದ ಹುಡುಗರು ಶಕುಂತಲೆಯ ಕಡೆಗೆ ವಾಲುವುದನ್ನು ನಾನು ಕಂಡಿದ್ದೇನೆ.

ಹೊಸ ಕಾಲದ ಪದ್ಧತಿ ಬಂದದ್ದು ಕಳ್ಳರ ದೆಸೆಯಿಂದ. ಪ್ಯಾರಿಸ್ ನಗರದ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿದ ಆಲ್ಫೋನ್ಸ್ ಬರ್ಟಿಲಾನ್ ಎಂಬಾತ ೧೮೮೦ರ ದಶಕದಲ್ಲಿ ಅಪರಾಧಿಗಳ ಅಂಗಾಂಗಗಳ ಅಳತೆ ತೆಗೆದು, ಎದುರಿನಿಂದ ಒಂದು, ಪಕ್ಕದಿಂದ ಒಂದು ಪಟ ಹಿಡಿದು ಜೋಡಿಸಿಡುವ ಕ್ರಮವನ್ನು ರೂಢಿಗೆ ತಂದ. ಬೆರಳಚ್ಚಿನ ಕಥೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. ೧೮೫೮ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈಯನ್ನೇ ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಸ್ಥಾಪನೆಯಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಗೂಢಚಾರರ ಭಯದಿಂದ ಪಾಸ್‌ಪೋರ್ಟಿಗೆ ಪಟ ಅಂಟಿತು. ಕಳ್ಳನಿಗೆ ಹೊಲಿದ ಅಂಗಿ ಕ್ರಮೇಣ ಪ್ರಯಾಣಿಕನ ಮೈಗೆ ಬಂದು, ಕೊನೆಗೆ ಎಲ್ಲ ಗೃಹಸ್ಥರ ಮೈಮೇಲೂ ಕುಳಿತಿತು. ಮೋಟಾರು ಓಡಿಸುವವರ ವಿಷಯದಲ್ಲಿ ಇಂಗ್ಲೆಂಡು ಮಾತ್ರ ವಿಚಿತ್ರವಾಗಿ ನಡೆದುಕೊಂಡಿತು. ೧೯೦೩ರ ಕಾಯಿದೆಯಿಂದಲೇ ಅಲ್ಲಿ ಲೈಸೆನ್ಸು ಕಡ್ಡಾಯ. ಆದರೆ ಅದರ ಮೇಲೆ ಪಟ ಬಂದದ್ದು ೧೯೯೮ರಲ್ಲಿ! ತೊಂಬತ್ತೈದು ವರ್ಷ ಆ ದೇಶದ ಸಾರಥಿಗಳು ಮುಖವಿಲ್ಲದೆಯೇ ರಥ ನಡೆಸಿದರು.

ನಮ್ಮ ಊರುಗಳಿಗೆ ಬರೋಣ. ಚಿಕ್ಕಬಳ್ಳಾಪುರ ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರದಲ್ಲಿ ನೋಂದಾಯಿಸಿದ ವಾಹನಕ್ಕೆ ಕೆಎ ೪೦, ಚಿಂತಾಮಣಿಯದಕ್ಕೆ ಕೆಎ ೬೭. ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ ಎಲ್ಲಿ ನೋಡಿದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದೆರಡು ಸ್ಟುಡಿಯೋಗಳು ಇದ್ದೇ ಇವೆ. ಹಳೆಯ ಸ್ಟುಡಿಯೋ ಎಂದರೆ ಅದೊಂದು ಪುಟ್ಟ ನಾಟಕಶಾಲೆ. ಹಿಂದೆ ಕಂಬ, ಮೆಟ್ಟಲು, ಹಂಸಗಳಿರುವ ಕೊಳ ಬರೆದ ಪರದೆ. ಪಕ್ಕದಲ್ಲಿ ಕಾಗದದ ಹೂವಿನ ಕುಂಡ. ಗೋಡೆಗೆ ಕನ್ನಡಿ, ಕನ್ನಡಿಯ ಮೊಳೆಗೆ ದಾರದಿಂದ ಕಟ್ಟಿದ ಬಾಚಣಿಗೆ, ಕೆಳಗೆ ಪೌಡರಿನ ಡಬ್ಬಿ. ಬಾಚಣಿಗೆಯನ್ನು ಕಟ್ಟಿಹಾಕಿ ಪೌಡರಿನ ಡಬ್ಬಿಯನ್ನು ಬಿಟ್ಟಿಡುವ ಈ ನ್ಯಾಯ ನನಗೆ ಇನ್ನೂ ಅರ್ಥವಾಗಿಲ್ಲ. ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋಗ್ರಾಫರು “ಅಲ್ಲಾಡಬೇಡಿ” ಎನ್ನುವರು, ಉಸಿರು ನಿಲ್ಲುವುದು. ಪಟ ಕೈಗೆ ಬರಲು ವಾರ ಹಿಡಿಯುತ್ತಿತ್ತು. ಆ ವಾರದಲ್ಲಿ ಅವರು ಚೂಪಾಗಿ ಕೆತ್ತಿದ ಪೆನ್ಸಿಲು ಹಿಡಿದು ನೆಗೆಟಿವಿನ ಮೇಲೆ ಕೂತು, ಮೊಡವೆಯ ಗುಳಿಗಳನ್ನು ತುಂಬಿ, ಕಣ್ಣ ಕೆಳಗಿನ ಕಪ್ಪನ್ನು ಅಳಿಸಿ, ಮದುವೆಗೆ ಬಂದ ಹೆಣ್ಣಿನ ವಯಸ್ಸನ್ನು ಎರಡು ವರ್ಷ ಇಳಿಸುತ್ತಿದ್ದರು. ಬೆಂಗಳೂರಿಗೆ ಹೋಗಿ ಜಿ. ಕೆ. ವೇಲ್ ಅವರ ಹತ್ತಿರ ಪಟ ತೆಗೆಸಿಕೊಂಡು ಬರುವುದು ಅನುಕೂಲಸ್ಥರ ಮನೆಗಳಲ್ಲಿ ಹೇಳಿಕೊಳ್ಳುವಂಥ ಸಂಗತಿಯಾಗಿತ್ತು. ೧೯೧೦ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರು ಎಷ್ಟೋ ಮನೆಗಳ ನಡುಮನೆಯ ಪಟಗಳ ಮೂಲೆಯಲ್ಲಿ ಈಗಲೂ ಕಾಣುತ್ತದೆ.

ಈ ತಿದ್ದುವಿಕೆಯನ್ನು ತಪ್ಪೆನ್ನಲಾರೆ. ಜೀವಮಾನದಲ್ಲಿ ಒಂದೋ ಎರಡೋ ಪಟ ತೆಗೆಸಿಕೊಳ್ಳುವ ಮನುಷ್ಯ ತಾನು ಇದ್ದದ್ದಕ್ಕಿಂತ ತುಸು ಚೆನ್ನಾಗಿ ಉಳಿಯಬೇಕೆಂದು ಆಶಿಸಿದರೆ ಅದರಲ್ಲಿ ದೋಷವೇನು? ಆದರೆ ಗೋಡೆಗೆ ತೂಗುಹಾಕುವ ಪಟಕ್ಕೂ ಲೈಸೆನ್ಸಿನ ಪಟಕ್ಕೂ ಇರುವ ಅಂತರವನ್ನು ನಮ್ಮ ಸ್ಟುಡಿಯೋಗಳು ಮರೆತುಬಿಟ್ಟಿವೆ. ಪೆನ್ಸಿಲಿನ ಜಾಗದಲ್ಲಿ ಕಂಪ್ಯೂಟರು ಬಂದಿದೆ. ಪೆನ್ಸಿಲಿಗೆ ಒಂದು ಮೇರೆಯಿತ್ತು, ಇದಕ್ಕೆ ಇಲ್ಲ. ಗುಂಡಿ ಒತ್ತಿದರೆ ಕೊರಳಿನ ಕೆಳಗೆ ಕೋಟು, ಟೈ. ಇನ್ನೊಂದು ಒತ್ತಿದರೆ ಮೈಬಣ್ಣ ಎರಡು ಪಾಲು ಬಿಳುಪು. ಯಾರೂ ಕೇಳದಿದ್ದರೂ ಇದನ್ನು ಮಾಡಿ ಕೊಡುತ್ತಾರೆ. ಗಿರಾಕಿಗೆ ಮಾಡುವ ಉಪಕಾರವೆಂದೇ ಅವರ ಭಾವನೆ. ಬಿಸಿಲಿನಲ್ಲಿ ದುಡಿದು ಕಪ್ಪಾದ ಬಯಲುಸೀಮೆಯ ನಮ್ಮ ಜನ ಪಟದಲ್ಲಿ ಕಾಶ್ಮೀರದಿಂದ ಬಂದವರಂತೆ ಕಂಗೊಳಿಸುತ್ತಾರೆ.

ಈ ರೋಗ ನಮ್ಮೂರಿನ ಸ್ಟುಡಿಯೋಗಳಲ್ಲಿ ಹುಟ್ಟಿದ್ದಲ್ಲ. ಬಣ್ಣದ ಫಿಲಂ ಬಂದ ಕಾಲದಲ್ಲಿ ಅಮೆರಿಕದ ಕೊಡಾಕ್ ಕಂಪನಿ ಮುದ್ರಣದ ಬಣ್ಣ ಸರಿಯಿದೆಯೇ ಎಂದು ಪರೀಕ್ಷಿಸಲು ಪ್ರಯೋಗಶಾಲೆಗಳಿಗೆ ಒಂದು ಮಾದರಿ ಪಟವನ್ನು ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಣ್ಣುಮಗಳು. ‘ಷರ್ಲಿ ಕಾರ್ಡು’ ಎಂದೇ ಅದಕ್ಕೆ ಹೆಸರಾಯಿತು. ಅವಳ ಮೈಬಣ್ಣ ಚೆನ್ನಾಗಿ ಬಂದರೆ ಬಣ್ಣ ಸರಿ. ಕಪ್ಪು ಮೈಯವರ ಕಣ್ಣು ಹಲ್ಲುಗಳು ಮಾತ್ರ ಕಾಣುವಂತೆ ಪಟ ಬಂದರೆ ಅದು ಅವರ ಹಣೆಬರಹ. ಈ ಪಕ್ಷಪಾತ ಯಂತ್ರದ ಕಣ್ಣಿಗೂ ಇಳಿದು ಬಂದಿದೆ. ೨೦೧೮ರಲ್ಲಿ ಜಾಯ್ ಬುಲಾಮ್ವಿನಿ ಎಂಬ ಸಂಶೋಧಕಿ ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಕೆಲವು ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದೂ ದಾಟಲಿಲ್ಲ; ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಒಂದು ಯಂತ್ರ ನೂರಕ್ಕೆ ಮೂವತ್ತನಾಲ್ಕನ್ನು ಮೀರಿ ತಪ್ಪಿತು.

ಇದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ ಎಂಬುದನ್ನು ನನಗೆ ಮನದಟ್ಟು ಮಾಡಿದವನು ಹಿಂದೆ ನನ್ನ ತರಗತಿಯಲ್ಲಿ ಓದಿದ ಒಬ್ಬ ಹುಡುಗ. ಅವನ ಹೆಸರು ಬೇಡ. ಮನೆ ಶಿಡ್ಲಘಟ್ಟದ ಕಡೆ. ಶಿಡ್ಲಘಟ್ಟವೆಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಗೂಡು ಕೊಂಡು ನೂಲು ತೆಗೆಯುವ ಮನೆಗಳು ಸಾಲುಸಾಲಾಗಿವೆ. ಗೂಡನ್ನು ಬೇಯಿಸಿ ಬಿಸಿನೀರಿನ ತೊಟ್ಟಿಗೆ ಹಾಕಿ, ತುದಿ ಹುಡುಕಿ ಎಳೆ ಎತ್ತಬೇಕು. ಒಂದೊಂದು ಗೂಡಿನಲ್ಲಿ ಅರ್ಧ ಕಿಲೋಮೀಟರಿಗೂ ಮಿಕ್ಕಿದ ಎಳೆ. ಆ ತುದಿಯನ್ನು ಹಿಡಿಯಬಲ್ಲದ್ದು ಬೆರಳು ಮಾತ್ರ. ದಿನವೆಲ್ಲ ಬಿಸಿನೀರಿನಲ್ಲಿ ಆಡುವ ಬೆರಳುಗಳ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ಒಡೆದು, ಸವೆದು ಹೋಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟ ಹುಡುಗ ತಾಯಿಯ ಜತೆಯಲ್ಲಿ ಆ ತೊಟ್ಟಿಯ ಮುಂದೆ ಕುಳಿತು ನಾಲ್ಕು ವರ್ಷವಾಗಿತ್ತು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟರೆ ಯಂತ್ರ ತಾಯಿಯನ್ನೂ ಗುರುತಿಸದು, ಮಗನನ್ನೂ ಗುರುತಿಸದು. ಹರ್ಷಲ್ ಸಾಹೇಬ ನಂಬಿದ ಬೆರಳಚ್ಚು ಇವರ ಪಾಲಿಗೆ ನೀರಿನಲ್ಲಿ ಕರಗಿತ್ತು. ಅವರ ಬಳಿ ಉಳಿದ ಗುರುತು ಮುಖವೊಂದೇ.

೨೦೨೫ರ ಜನವರಿಯಲ್ಲಿ ಅವನಿಗೆ ಒಂದು ಅವಕಾಶ ಒದಗಿತು. ಚಿಂತಾಮಣಿಯ ಟೊಮೇಟೊ ಮಂಡಿಗೆ ಸರಕು ಹೊಡೆಯುವ ಸಣ್ಣ ಗಾಡಿಯ ಮಾಲೀಕರೊಬ್ಬರು, “ಯುಗಾದಿಯೊಳಗೆ ಲೈಸೆನ್ಸು ಕೈಯಲ್ಲಿ ಹಿಡಿದು ಬಾ, ಗಾಡಿ ನಿನ್ನದೇ” ಎಂದಿದ್ದರು. ಲಘು ವಾಹನದ ಲೈಸೆನ್ಸು ಉಳ್ಳವರು ಒಟ್ಟು ತೂಕ ೭,೫೦೦ ಕಿಲೋ ಮೀರದ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ೨೦೨೪ರ ನವೆಂಬರಿನಲ್ಲಿ ಎತ್ತಿಹಿಡಿದಿತ್ತಾದ್ದರಿಂದ ಬೇರೆ ಅನುಮತಿಯ ತೊಡಕೂ ಇರಲಿಲ್ಲ. ಕಲಿಕೆಯ ಲೈಸೆನ್ಸು ಪಡೆದು ಮೂವತ್ತು ದಿನ ಕಳೆಯದೆ ಪಕ್ಕಾ ಲೈಸೆನ್ಸಿಗೆ ಅರ್ಜಿ ಹಾಕುವಂತಿಲ್ಲ. ಆ ವರ್ಷ ಯುಗಾದಿ ಮಾರ್ಚ್ ೩೦ಕ್ಕೆ. ಲೆಕ್ಕ ಹಾಕಿದರೆ ಕಾಲ ಧಾರಾಳವಾಗಿಯೇ ಇತ್ತು.

ಆಧಾರ್ ಸಂಖ್ಯೆಯ ಮೂಲಕ ಅರ್ಜಿ ಹಾಕಿದವರಿಗೆ ಆಧಾರಿನಲ್ಲಿರುವ ಪಟವೇ ಕಲಿಕೆಯ ಲೈಸೆನ್ಸಿಗೆ ಬರುತ್ತದೆ. ಅವನ ಆಧಾರಿಗೆ ಕೊಟ್ಟಿದ್ದ ದೂರವಾಣಿ ಸಂಖ್ಯೆ ಎಂದೋ ಕೈಬಿಟ್ಟುಹೋಗಿತ್ತು. ಗುಪ್ತ ಸಂಖ್ಯೆ ಬಾರದೆ ಆ ದಾರಿ ಮುಚ್ಚಿತು. ಹಾಗಾಗಿ ಬೇರೆಯಾಗಿ ಪಟ ಕಳಿಸಬೇಕಾಯಿತು. ಸ್ಟುಡಿಯೋದಲ್ಲಿ ಎಂಟು ಪ್ರತಿ ಸಿಕ್ಕಿದವು. ಒಂದನ್ನು ನನಗೂ ತೋರಿಸಿದ. ಬೂದು ಬಣ್ಣದ ಕೋಟು, ಕೆಂಪು ಟೈ, ಹಾಲಿನಂಥ ಕೆನ್ನೆ. ಹುಬ್ಬಿನ ಮೇಲೆ ಬಾಲ್ಯದಲ್ಲಿ ಬಿದ್ದ ಗಾಯದ ಗೆರೆಯೊಂದಿದೆ, ಅದೂ ಮಾಯವಾಗಿತ್ತು. ವಾರ ಕಳೆದ ಮೇಲೆ ಅರ್ಜಿ ವಾಪಸಾಯಿತು. ಮೂಲ ದಾಖಲೆಗಳನ್ನು ಹಿಡಿದು ಕಚೇರಿಗೆ ಹೋದಾಗ ಅಲ್ಲಿ ಕೂತಿದ್ದವರು ಪಟವನ್ನೂ ಅವನನ್ನೂ ನೋಡಿ, “ಇದು ಯಾರಪ್ಪಾ, ನಿಮ್ಮಣ್ಣನೇ?” ಎಂದರಂತೆ. ಸುತ್ತಲಿದ್ದವರು ನಕ್ಕರು. ಅವರನ್ನು ನಾನು ದೂರುವುದಿಲ್ಲ; ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆ ಪಟವನ್ನು ಹಿಡಿದು ಯಾವ ಪೊಲೀಸಿನವನು ತಾನೇ ಹೆದ್ದಾರಿಯಲ್ಲಿ ಇವನನ್ನು ಗುರುತಿಸಬಲ್ಲ?

ಎರಡನೆಯ ಬಾರಿ ತಾನೇ ಮೊಬೈಲಿನಲ್ಲಿ ಕೈ ಚಾಚಿ ಪಟ ಹಿಡಿದುಕೊಂಡ. ಹಿಂದಿನ ಗೋಡೆಯ ಮೇಲೆ ನೆರಳು, ಮುಖ ಉಬ್ಬಿ ಮೂಗೇ ಮುಂದಾಗಿ ನಿಂತಿತ್ತು. ಅದೂ ತಿರಸ್ಕೃತವಾಯಿತು. ಅಷ್ಟರಲ್ಲಿ ಫೆಬ್ರವರಿ ಅರ್ಧ ಕಳೆದಿತ್ತು. ಅಂದು ಸಂಜೆ ಬಂದು, “ಸಾರ್, ಬೆರಳೂ ನನ್ನದಲ್ಲವಂತೆ, ಮುಖವೂ ನನ್ನದಲ್ಲವಂತೆ” ಎಂದ. ಮಾತಿನಲ್ಲಿ ತಮಾಷೆಯಿತ್ತು. ಮುಖದಲ್ಲಿ ಇರಲಿಲ್ಲ.

ಅವನನ್ನು ಕರೆದುಕೊಂಡು ಪೇಟೆಯ ಒಳಬೀದಿಯಲ್ಲಿ ನನಗೆ ಗೊತ್ತಿದ್ದ ಹಳೆಯ ಸ್ಟುಡಿಯೋಗೆ ಹೋದೆ. ಅದರ ಯಜಮಾನರು ಎಪ್ಪತ್ತು ದಾಟಿದವರು. ಮಗನಿಗೆ ಅಂಗಡಿ ಬಿಟ್ಟುಕೊಟ್ಟು ಬಾಗಿಲ ಬಳಿ ಕುರ್ಚಿ ಹಾಕಿ ಕೂತಿರುತ್ತಾರೆ. ಹುಡುಗನ ಮುಖವನ್ನು ಒಂದು ನಿಮಿಷ ನೋಡಿ, “ಮುಖ ತೊಳೆದುಕೊಂಡು ಬಾಪ್ಪ. ಎಣ್ಣೆಯ ಜಿಡ್ಡು ಹೋಗಲಿ. ಪೌಡರು ಮುಟ್ಟಬೇಡ” ಎಂದರು. ದೀಪಗಳನ್ನೆಲ್ಲ ಆರಿಸಿ, ಉತ್ತರದ ಕಡೆಯ ಬಾಗಿಲನ್ನು ಪೂರ್ತಿ ತೆರೆಸಿ, ಬಾಗಿಲಿಗೆ ಎದುರಾಗಿ ಸ್ಟೂಲು ಹಾಕಿಸಿದರು. ಹಿಂದಿನ ಗೋಡೆಗೂ ಸ್ಟೂಲಿಗೂ ನಡುವೆ ಎರಡು ಮಾರು ಅಂತರ. “ಮೇಷ್ಟ್ರೇ, ಕಪ್ಪು ಮುಖಕ್ಕೆ ಫ್ಲಾಷ್ ಹೊಡೆದರೆ ಹಣೆ ಮಿಂಚ್ತದೆ, ಕೆನ್ನೆ ಸಾಯ್ತದೆ. ಬಾಗಿಲ ಬೆಳಕು ಯಾರಿಗೂ ಮೋಸ ಮಾಡೋದಿಲ್ಲ” ಎಂದರು. ಮಗ ಕ್ಯಾಮೆರಾ ಹಿಡಿದ. ಎರಡೇ ಸಲ ಒತ್ತಿದ. ತೆರೆಯ ಮೇಲೆ ಮೂಡಿದ ಮುಖದಲ್ಲಿ ಹುಬ್ಬಿನ ಗಾಯವಿತ್ತು, ತುಟಿಯ ಮೇಲಿನ ಮಚ್ಚೆಯಿತ್ತು, ನಾಲ್ಕು ವರ್ಷದ ಹಬೆಯಲ್ಲಿ ಬೆಂದ ಕಣ್ಣಿನ ಆಯಾಸವೂ ಇತ್ತು. ಮಗನ ಕೈ ಅಭ್ಯಾಸಬಲದಿಂದ ಬಣ್ಣ ತಿದ್ದುವ ಗುಂಡಿಯ ಕಡೆ ಹೋಯಿತು. ಮುದುಕರು, “ಬಿಡೋ, ಇರ್ಲಿ ಹಾಗೇ” ಎಂದರು. ಹುಡುಗ ಆ ಪಟವನ್ನು ಬಹಳ ಹೊತ್ತು ನೋಡಿದ.

ಮೂರನೆಯ ಸಲ ಅರ್ಜಿ ಸ್ವೀಕೃತವಾಯಿತು.

ಆ ಬಾಗಿಲ ಬೆಳಕಿನ ಉಪಾಯವನ್ನು ಮನೆಯಲ್ಲಿಯೂ ಮಾಡಬಹುದು. ಅದಕ್ಕೆ ಬೇಕಾದ ನಾಲ್ಕು ಮಾತುಗಳನ್ನು ಹೇಳಿಬಿಡುತ್ತೇನೆ. ಮಕ್ಕಳ ಪಟ ತೆಗೆಯುವ ತಾಯ್ತಂದೆಯರಿಗೆ ಉಪಯೋಗವಾದೀತು. ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕು ಧಾರಾಳವಾಗಿ ಬರುವ ಬಾಗಿಲು ಅಥವಾ ಕಿಟಕಿಗೆ ಮುಖಮಾಡಿ ಕೂರಿಸಬೇಕು. ಹಿಂದೆ ಬಿಳಿಯ ಗೋಡೆ ಅಥವಾ ತೊಳೆದ ಬಿಳಿ ಪಂಚೆ. ಗೋಡೆಗೆ ಒರಗಿದರೆ ನೆರಳು ಬೀಳುತ್ತದೆ, ಮುಂದೆ ಬರಬೇಕು. ಬಿಳಿಯ ಗೋಡೆಯ ಮುಂದೆ ಬಿಳಿಯ ಅಂಗಿ ಬೇಡ. ಕೊರಳು ಎಲ್ಲಿ ಮುಗಿಯಿತೆಂದೇ ತಿಳಿಯದು. ಕನ್ನಡಕದಲ್ಲಿ ಕಿಟಕಿ ಮಿಂಚುವುದಾದರೆ ತೆಗೆದುಬಿಡುವುದೇ ಲೇಸು. ಪಟವನ್ನು ಬೇರೊಬ್ಬರು, ಕಣ್ಣಿನ ಎತ್ತರದಲ್ಲಿ ಮೊಬೈಲು ಹಿಡಿದು, ನಾಲ್ಕೈದು ಅಡಿ ದೂರದಿಂದ ತೆಗೆಯಬೇಕು. ತಾನೇ ಕೈ ಚಾಚಿ ತೆಗೆದುಕೊಂಡರೆ ಏನಾಗುವುದೆಂಬುದನ್ನು ಅಮೆರಿಕದ ವೈದ್ಯರು ೨೦೧೮ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ: ಐದು ಅಡಿ ದೂರದ ಪಟಕ್ಕಿಂತ ಹನ್ನೆರಡು ಅಂಗುಲ ದೂರದ ಪಟದಲ್ಲಿ ಮೂಗು ಶೇಕಡ ೩೦ರಷ್ಟು ಅಗಲವಾಗಿ ಕಾಣುತ್ತದೆ. ಮಸೂರಕ್ಕೆ ಹತ್ತಿರವಾದದ್ದು ದೊಡ್ಡದಾಗಿ ಕಾಣುವುದು ಸಹಜ. ಮುಖದಲ್ಲಿ ಮುಂದೆ ಚಾಚಿರುವುದು ಮೂಗು ತಾನೆ. ಮೊಬೈಲುಗಳಲ್ಲಿ ಚರ್ಮವನ್ನು ತಾನಾಗಿಯೇ ನಯಗೊಳಿಸುವ ಸೌಂದರ್ಯದ ಏರ್ಪಾಡೊಂದು ಅಡಗಿರುತ್ತದೆ. ಅದನ್ನು ಮೊದಲು ಆರಿಸಬೇಕು.

ಇನ್ನು ಗಾತ್ರದ ವಿಷಯ. ಇದು ಸುಶಿಕ್ಷಿತರನ್ನೂ ಕಂಗೆಡಿಸುತ್ತದೆ. ‘ಸಾರಥಿ’ ಕೇಳುವ ಪಟ ಅಗಲದಲ್ಲಿ ೪೨೦, ಎತ್ತರದಲ್ಲಿ ೫೨೫ ಚುಕ್ಕೆಗಳದು; ತೂಕ ೧೦ರಿಂದ ೨೦ ಕೆಬಿ. ಮೊಬೈಲಿನ ಪಟವೋ ಸುಲಭವಾಗಿ ಮೂರು ಸಾವಿರ ಕೆಬಿ ತೂಗುತ್ತದೆ. ಖಂಡುಗ ರಾಗಿಯನ್ನು ಪಾವಿನಲ್ಲಿ ಹಿಡಿಸಿದಂತೆ. ಲೆಕ್ಕ ಹಾಕಿ ನೋಡಿ: ೪೨೦ನ್ನು ೫೨೫ರಿಂದ ಗುಣಿಸಿದರೆ ಎರಡು ಲಕ್ಷದ ಇಪ್ಪತ್ತು ಸಾವಿರದ ಐನೂರು ಚುಕ್ಕೆಗಳು, ಅವನ್ನು ೨೦ ಕೆಬಿಯಲ್ಲಿ ತುಂಬಬೇಕಾದರೆ ಹತ್ತು ಹನ್ನೊಂದು ಚುಕ್ಕೆಗಳಿಗೆ ಒಂದೇ ಒಂದು ಬೈಟು. ಕಂಪ್ಯೂಟರು ಒಂದೇ ಬಣ್ಣದ ಜಾಗಗಳನ್ನು ಒಟ್ಟುಗೂಡಿಸಿ ಜಿಪುಣತನದಿಂದ ಇದನ್ನು ಸಾಧಿಸುತ್ತದೆ. ಹಿಂದೆ ಹೂಬಳ್ಳಿಯ ಪರದೆ ಇದ್ದರೆ ಆ ಬೈಟುಗಳನ್ನು ಹೂಬಳ್ಳಿಯೇ ನುಂಗಿ ಮುಖಕ್ಕೆ ಏನೂ ಉಳಿಯದು. ಬರಿಯ ಗೋಡೆ ಇರಬೇಕೆಂಬುದಕ್ಕೆ ಇದೂ ಒಂದು ಕಾರಣ. ಆದುದರಿಂದ ಮೊದಲು ಮುಖ, ಭುಜ ಉಳಿಯುವಂತೆ ನಾಲ್ಕಕ್ಕೆ ಐದರ ಪ್ರಮಾಣದಲ್ಲಿ ಕತ್ತರಿಸಿ, ಆಮೇಲೆ ಅಳತೆ ಇಳಿಸಿ, ಕೊನೆಯಲ್ಲಿ ತೂಕ ಇಳಿಸಬೇಕು. ಕ್ರಮ ತಪ್ಪಿದರೆ ಮುಖ ಮಂಜಿನ ದಿನದ ನಂದಿಬೆಟ್ಟವಾಗುತ್ತದೆ. ಸಹಿಯ ಪಟ ೨೫೬ಕ್ಕೆ ೬೪. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ, ಬಾಲ ಬಹಳ ಉದ್ದ ಬಿಡದೆ ಮಾಡಿದ ಸಹಿ ಒಳ್ಳೆಯದು.

ತಲೆಯ ಮೇಲಿನದನ್ನು ಕುರಿತು ಒಂದು ಮಾತು. ಪಾಸ್‌ಪೋರ್ಟಿನ ಪಟದಲ್ಲಿ ಧರ್ಮಾಚಾರಕ್ಕಾಗಿ ಧರಿಸಿದ್ದನ್ನು ಬಿಟ್ಟು ಬೇರೆ ಟೋಪಿ ರುಮಾಲುಗಳು ಸಲ್ಲವು. ಸ್ಟುಡಿಯೋಗಳು ಲೈಸೆನ್ಸಿಗೂ ಇದನ್ನೇ ಅನ್ವಯಿಸುತ್ತವೆ. ಇದರಿಂದ ಹೆಚ್ಚು ಸಂಕಟ ಪಡುವವರು ನಮ್ಮ ಹಿರಿಯರು. ಟ್ರಾಕ್ಟರು ಓಡಿಸುವ ರೈತರೊಬ್ಬರು ಲೈಸೆನ್ಸು ನವೀಕರಿಸುವಾಗ ಪೇಟ ತೆಗೆಯಲು ಒಪ್ಪದೆ, “ಪೇಟ ಇಲ್ಲದ ನನ್ನನ್ನ ನಮ್ಮ ಎತ್ತೂ ಗುರ್ತು ಹಿಡಿಯಲ್ಲ” ಎಂದು ವಾದಿಸಿದ್ದನ್ನು ಕೇಳಿದ್ದೇನೆ. ಅವರ ವಾದದಲ್ಲಿ ಹುರುಳಿಲ್ಲವೆಂದು ಹೇಗೆ ಹೇಳಲಿ? ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ಮೈಸೂರು ಪೇಟವಿಲ್ಲದೆ ಕಲ್ಪಿಸಿಕೊಳ್ಳಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ, ೧೯೭೩ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರನ್ನು ಗಾಂಧಿ ಟೋಪಿಯಿಲ್ಲದೆ ಊಹಿಸಿಕೊಳ್ಳಿ. ಅವರ ಶಿಷ್ಯರೇ “ಇವರು ಯಾರು?” ಎಂದಾರು. ಗುರುತಿಗಾಗಿಯೇ ತೆಗೆಯುವ ಪಟದಲ್ಲಿ ಜನ ಗುರುತಿಸುವ ಚಿಹ್ನೆಯನ್ನೇ ಕಳಚಬೇಕಾಗುವುದು ಒಂದು ವಿಡಂಬನೆ. ನಿಯಮ ಮಾಡಿದವರ ಪಕ್ಷದಲ್ಲಿಯೂ ನ್ಯಾಯವಿದೆ: ಪೇಟ ಯಾರ ತಲೆಯ ಮೇಲಾದರೂ ಕುಳಿತೀತು.

ಹುಡುಗನಿಗೆ ಕಲಿಕೆಯ ಲೈಸೆನ್ಸು ಸಿಕ್ಕಿದ್ದು ಮಾರ್ಚ್ ಮೊದಲ ವಾರದಲ್ಲಿ. ಮೂವತ್ತು ದಿನ ಕಳೆಯುವ ಹೊತ್ತಿಗೆ ಯುಗಾದಿಯ ಬೇವುಬೆಲ್ಲ ಹಂಚಿ ಆಗಿತ್ತು. ಮಾಲೀಕರು ಬೇರೊಬ್ಬನನ್ನು ಗಾಡಿಗೆ ಹಾಕಿಕೊಂಡಿದ್ದರು. ಬಾಡಿಗೆಯ ಹಂಗಾಮು ಯಾರಿಗಾಗಿಯೂ ಕಾಯುವುದಿಲ್ಲ, ಅವರನ್ನು ಅನ್ನುವಂತಿಲ್ಲ. ಅವನು ಇನ್ನೂ ಎರಡು ತಿಂಗಳು ಬಿಸಿನೀರಿನ ತೊಟ್ಟಿ ಕಾಯ್ದ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿಸಿ, ಮೇ ಕೊನೆಯಲ್ಲಿ ಬೇರೊಬ್ಬರ ಗಾಡಿ ಹಿಡಿದ. ಈಗ ವಾರಕ್ಕೆ ನಾಲ್ಕು ದಿನ ರಾತ್ರಿ ಟೊಮೇಟೊ ತುಂಬಿಕೊಂಡು ಬೆಂಗಳೂರಿಗೆ ಹೋಗಿಬರುತ್ತಾನೆ. ಬೆರಳಿನ ಚರ್ಮ ನಿಧಾನವಾಗಿ ಕೂಡಿಕೊಳ್ಳುತ್ತಿದೆಯಂತೆ.

ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಬಂದ ದಿನ ಅದರ ಚಿತ್ರವನ್ನು ನನಗೆ ಕಳಿಸಿದ್ದ. ನೋಡಿದರೆ ಅದರಲ್ಲಿ ಇದ್ದದ್ದು ಮುದುಕರ ಬಾಗಿಲ ಬೆಳಕಿನ ಪಟವಲ್ಲ. ಪಕ್ಕಾ ಲೈಸೆನ್ಸಿನ ಹೊತ್ತಿಗೆ ಕಚೇರಿಯಲ್ಲಿಯೇ ಕೂರಿಸಿ ಕ್ಯಾಮೆರಾದಿಂದ ಇನ್ನೊಂದು ಪಟ ತೆಗೆದಿದ್ದರು. ಕಾರ್ಡಿಗೆ ಅದೇ ಬಂದಿತ್ತು. ಒಂದು ಕಣ್ಣು ಅರ್ಧ ಮುಚ್ಚಿದೆ, ಕೂದಲು ಕೆದರಿದೆ, ಬಾಯಿ ಏನನ್ನೋ ಹೇಳಲು ತೆರೆದಂತಿದೆ. ೨೦೧೯ರ ತಿದ್ದುಪಡಿಯ ಪ್ರಕಾರ ಮೂವತ್ತು ತುಂಬದವರಿಗೆ ಕೊಟ್ಟ ಲೈಸೆನ್ಸು ನಲವತ್ತು ತುಂಬುವವರೆಗೂ ನಡೆಯುತ್ತದೆ. ಅವನು ಹುಟ್ಟಿದ್ದು ೨೦೦೨ರಲ್ಲಿ. “೨೦೪೨ರವರೆಗೆ ಇದೇ ಮುಖ ಸಾರ್” ಎಂದು ಕೆಳಗೆ ಬರೆದಿದ್ದ. ಬಾಗಿಲ ಬೆಳಕಿನ ಪಟವನ್ನು ಅವನ ತಾಯಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದ್ದಾರೆ.